ಎಂಜಲು ಮೆತ್ತಿದ ಫಲಕ

ಹೈಡ್ರೋಜನ್ ಬಸ್ಸಿನ ಇಂಧನ ಕೋಶಕ್ಕೆಂದು ಒತ್ತಿ ಬೆಸೆದ ತೆಳು ಉಕ್ಕಿನ ಫಲಕಕ್ಕೆ ಮೇಸ್ತ್ರಿ ಮಾ ಗ್ಯೊಂಗ್‌ಸು ಹೆಬ್ಬೆರಳು ನೆಕ್ಕಿ ಎಂಜಲು ಸವರುವುದನ್ನು ಕಾರ್ಖಾನೆಯ ತಪಾಸಣೆ ವಿಭಾಗದ ಒಕ್‌ಬುನ್ ಕಣ್ಣಾರೆ ಕಂಡಳು. ಬೆಸುಗೆಯಲ್ಲಿ ಉಳಿದಿದ್ದ ಸೂಜಿಮೊನೆಯಷ್ಟು ರಂಧ್ರ ಮುಚ್ಚಿಕೊಂಡಿತು. ಸೋರಿಕೆ ಪರೀಕ್ಷಿಸುವ ಯಂತ್ರದಲ್ಲಿ ಹಸಿರು ದೀಪ ಹತ್ತಿತು.

"ಪಾಸಾಯ್ತಲ್ಲಮ್ಮ, ಮುದ್ರೆ ಒತ್ತು," ಎಂದು ಆತ ಹಲ್ಲು ಕಿರಿದ.

"ಒಣಗಿದ ಮೇಲೆ ಅನಿಲ ಸೋರಲ್ವಾ ಮೇಸ್ತ್ರಿ?"

"ಅಷ್ಟೊತ್ತಿಗೆ ಅದು ನಮ್ಮ ಕೈಬಿಟ್ಟು ಉಲ್ಸಾನ್ ಪಟ್ಟಣ ದಾಟಿರುತ್ತೆ. ಮೂರು ತಿಂಗಳಿಂದ ಇಂಥವಕ್ಕೇ ಒತ್ತುತ್ತಾನೇ ಇದ್ದೀಯ, ಇವತ್ತೇನು ಹೊಸ ರಾಗ?"

ಒಕ್‌ಬುನ್‌ಗೆ ಆಗ ಅರ್ಥವಾಯಿತು. ನೀರಿನ ಕಲೆಯೆಂದು ತಾನು ದಿನವೂ ಬಟ್ಟೆಯಲ್ಲಿ ಒರೆಸುತ್ತಿದ್ದದ್ದು ಇವನ ಎಂಜಲು. ಕೈಗವಸು ಕಿತ್ತೆಸೆದು, ಫಲಕವನ್ನು ಅವನೆದುರೇ ಎರಡಾಗಿ ಮಡಚಿದಳು.

"ನಾನು ಒತ್ತಿದ ಮುದ್ರೆಗಳನ್ನ ನಂಬಬೇಡಿ ಅಂತ ಬಸ್ಸು ತಯಾರಿಸೋರಿಗೆ ನಾನೇ ಹೇಳ್ತೀನಿ," ಎಂದು ಫೋನ್ ಎತ್ತಿಕೊಂಡಳು.