ಖಾಲಿ ಇದ್ದರೆ ವೈಕುಂಠ

ಬೆಳಿಗ್ಗೆ ಹನ್ನೊಂದು ಗಂಟೆ. ಅಫಜಲಪುರದ ಸುದ್ದಿ ಜಾಲತಾಣವೊಂದರ ಕಚೇರಿಗೆ ಮಣ್ಣೂರಿನ ಧಮ್ಮಪಾಲ ಚಪ್ಪಲಿ ಸಮೇತ ನುಗ್ಗಿ, ತನ್ನ ಫೋನನ್ನು ಪ್ರೋಗ್ರಾಮರ್ ಸಂಘಮಿತ್ರಾಳ ಮೇಜಿನ ಮೇಲೆ ಕುಕ್ಕಿದ. ಪರದೆಯಲ್ಲಿ ಅವನ ತಾಯಿಯ ನಿಧನ ವಾರ್ತೆಯಿತ್ತು: ‘ವೈಕುಂಠವಾಸಿ ಮಾಳಮ್ಮ’.

“ಮಧ್ಯಾಹ್ನ ಅವ್ವನ ಮಣ್ಣು ಅದ. ಸೊಲ್ಲಾಪುರದ ಬೀಗರು ಫೋನ್ ಹಿಡ್ಕೊಂಡು ನಗಾಕತ್ತಾರ. ನಮ್ಮವ್ವ ಬೌದ್ಧ ದೀಕ್ಷಾ ತಗೊಂಡ ದಿನ ಮನ್ಯಾಗಿನ ದೇವರನ್ನೆಲ್ಲಾ ಭೀಮಾ ಹೊಳಿಗೆ ಬಿಟ್ಟು ಬಂದಾಕಿ. ಅಂಥಾಕೀನ ನೀವು ವೈಕುಂಠಕ್ಕ ಕಳಿಸೀರಿ!”

“ಅಣ್ಣಾ, ಕೂಡ್ರಿ...”

“ಕೂಡಾಕ ಬಂದಿಲ್ಲ ತಂಗಿ. ನಮ್ಮ ಮಂದಿ ಹುಡುಗಿ ಅದಾಳ, ಅಕಿಗಿ ತಿಳಿತದ ಅಂತ ಇಲ್ಲಿ ಕೊಟ್ಟಿದ್ದೆ. ನಿನಗೂ ತಿಳೀಲಿಲ್ಲ.”

ಸಂಘಮಿತ್ರಾಳ ಕಿವಿ ಕಾದವು. ವಾರ್ತೆ ಬರೆದುಕೊಂಡಿದ್ದ ಗೋವಿಂದ ಎದ್ದು ನಿಂತ. “ಹೆಸರಿನ ಹಿಂದ ಏನೂ ಬ್ಯಾಡ ಅಂದಿದ್ರಿ. ಖಾಲೀನೇ ಬಿಟ್ಟೇನ್ರಿ, ಬೇಕಂದ್ರ ನೋಡ್ರಿ.”

ಗೋವಿಂದನ ಮಾತು ನಿಜ. ತಪ್ಪು ಎಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು. ಎಲ್ಲ ನಿಧನ ವಾರ್ತೆಗಳಿಗೂ ಒಂದೇ ಆದ ಪುಟದ ಅಚ್ಚಿನಲ್ಲಿ, ಹೆಸರಿನ ಹಿಂದಿನ ಗೌರವಪದದ ಜಾಗಕ್ಕೆ, ಜೋಡಿ ಬ್ರಾಕೆಟ್ಟಿನೊಳಗೆ ‘ಸಂಬೋಧನೆ’ ಎಂದಿತ್ತು, ಪಕ್ಕಕ್ಕೊಂದು ನಿಲುಗೀಟು, ಗೀಟಿನಾಚೆ ‘ವೈಕುಂಠವಾಸಿ’. ಮನೆಯವರು ಏನೂ ಕೊಡದಿದ್ದರೆ ಗೀಟಿನಾಚೆಯ ಪದ ತಾನಾಗಿ ಬಂದು ಕೂಡುತ್ತಿತ್ತು. ಗೋವಿಂದನಂಥವರಿಗೂ ಬರೆಯಲು ಸುಲಭವಾಗಲೆಂದು, ಗಿರಾಕಿಗೆ ಒಡೆದ ಪುಟ ಎಂದೂ ಕಾಣಬಾರದೆಂದು ಮಾಲೀಕ ವಿಕ್ರಮ ಹಟ ಹಿಡಿದು ಮಾಡಿಸಿದ ಏರ್ಪಾಡು ಅದು. ‘ಹೇಳಿಲ್ಲ’ ಎಂಬುದೇ ಬೇರೆ, ‘ಬೇಡವೆಂದು ಹೇಳಿದ್ದಾರೆ’ ಎಂಬುದೇ ಬೇರೆ ಎಂದು ಸಂಘಮಿತ್ರಾ ಅಂದೇ ವಾದಿಸಿದ್ದಳು. ಗೀಟಿನ ಜಾಗಕ್ಕೆ ಉದ್ಗಾರ ಚಿಹ್ನೆ ಹಾಕೋಣ, ಆಗ ಉತ್ತರವಿಲ್ಲದ ಪುಟ ತೆರೆಯದೇ ನಿಲ್ಲುತ್ತದೆ, ಬೇಡವೆಂದವರದು ‘ಬೇಡ’ ಎಂದೇ ದಾಖಲಾಗಲಿ ಎಂದಿದ್ದಳು. ಅದು ತಲೆನೋವಿನ ದಾರಿ ಎಂದು ವಿಕ್ರಮ ನಕ್ಕಿದ್ದ.

ಗದ್ದಲ ಕೇಳಿ ವಿಕ್ರಮ ಒಳಕೋಣೆಯಿಂದ ಬಂದ. “ತಪ್ಪಾಗ್ಯದ್ರಿ ಧಮ್ಮಪಾಲ ಅವ್ರ, ಈಗಿಂದೀಗ ತಗಸ್ತೀವಿ. ಸಂಘಮಿತ್ರಾ, ಅದೊಂದು ಪುಟ ಸರಿ ಮಾಡು.”

ಅವಳು ಆ ಒಂದು ಪುಟವನ್ನು ಅಚ್ಚಿನಿಂದ ಬಿಡಿಸಿ, ಸರಿ ಮಾಡಿ ತೋರಿಸಿದಳು. ಬರೀ ‘ಮಾಳಮ್ಮ’. ಧಮ್ಮಪಾಲ ಅದನ್ನು ಎರಡು ಸಲ ಓದಿದ. ಫೋನನ್ನು ಜೇಬಿಗಿಳಿಸಿ, ಯಾರ ಮುಖವನ್ನೂ ನೋಡದೆ ಹೊರಟುಹೋದ.

“ಮುಗೀತಲ್ಲ?” ಎಂದ ವಿಕ್ರಮ.

“ಎಲ್ಲಿ ಮುಗೀತ್ರಿ ಸರ್? ನಾಳೆ ಇನ್ನೊಂದು ಮನ್ಯಾಗ ಸಾಯ್ತಾರ.”

“ನಮ್ಮ ಗಿರಾಕಿಯೊಳಗ ಮುಕ್ಕಾಲು ಮಂದಿಗೆ ಅದ ಪದ ನಡೀತದ. ನಾಕು ಮಂದಿ ಸಲುವಾಗಿ ಎಲ್ಲಾರ ಪುಟ ಒಡೀಲೇನು?”

“ಆ ನಾಕು ಮಂದಿ ಸತ್ತ ಮ್ಯಾಲೂ ನಿಮ್ಮ ಮನಿ ಪದ್ಧತಿನೇ ಹಿಡೀಬೇಕೇನ್ರಿ?”

“ದನಿ ಇಳಿಸು. ಇದು ಆಫೀಸ್ ಅದ.”

ಅವಳು ಪರದೆಯ ಕಡೆ ತಿರುಗಿದಳು. ಅಚ್ಚು ತೆರೆದು ಗೀಟನ್ನೂ ಅದರಾಚೆಯ ಪದವನ್ನೂ ಅಳಿಸಿ, ಉದ್ಗಾರ ಚಿಹ್ನೆ ಒತ್ತಿ ಉಳಿಸಿದಳು. ತಾಣದಲ್ಲಿ ಹಳೆಯ ನಿಧನ ವಾರ್ತೆಗಳು ಒಂದರ ಹಿಂದೊಂದು ಬಾಗಿಲು ಹಾಕಿಕೊಂಡವು. “ಸಂಬೋಧನೆ ಕೇಳಿಲ್ಲ, ಪುಟ ತೆರೆಯುವುದಿಲ್ಲ” ಎಂಬ ಒಂದೇ ಸಾಲು ಉಳಿಯಿತು.

“ಇವೆಲ್ಲಾ ಯಾರನ್ನೂ ಕೇಳದ ಹಾಕಿದ್ದೇವೇನ್ರಿ?” ಎಂದು ಗೋವಿಂದ ಪರದೆಯತ್ತ ಬಾಗಿದ.

ವಿಕ್ರಮನ ಫೋನು ರಿಂಗಣಿಸಿತು. ಆಳಂದದಿಂದ ಅವನ ತಂಗಿ ಅಮಿತಾ. “ಅಣ್ಣಾ, ಅವ್ವನ ಪುಟ ಯಾಕ ತೆರಿವಲ್ದು? ಇವತ್ತ ಅಕೀ ತಿಥಿ, ಫೋಟೊ ನೋಡಬೇಕಂದ್ರ ಏನೋ ಬರಾಕತ್ತದ.”

ವಿಕ್ರಮ ಸಂಘಮಿತ್ರಾಳ ಕಡೆ ತಿರುಗಿದ. ಮುಖ ಕೆಂಪಾಗಿತ್ತು. “ನಮ್ಮವ್ವಂದೂ ಮುಚ್ಚೀಯಾ?”

“ನಾ ಮುಚ್ಚಿಲ್ರಿ. ಶಾರದಾಬಾಯಿ ಅವ್ರ ಹೆಸರಿನ ಹಿಂದಿನ ಜಾಗ ಮೊದಲಿಂದ ಖಾಲಿ ಅದ. ನಿಮ್ಮವ್ವಗ ಏನ್ ಅನ್ನಬೇಕಂತ ನೀವೂ ಬರ್ದಿಲ್ಲ.”

ವಿಕ್ರಮ ಅವಳ ಮುಂದಿನ ಕೀಲಿಮಣೆ ಎಳೆದುಕೊಂಡು, ತಾಯಿಯ ಹೆಸರಿನ ಹಿಂದೆ ‘ವೈಕುಂಠವಾಸಿ’ ಎಂದು ತನ್ನ ಕೈಯಾರೆ ಹೊಡೆದ. ಆ ಪುಟ ತೆರೆಯಿತು. ಉಳಿದವರಿಗಾಗಿ ಗೀಟನ್ನೂ ಅದರಾಚೆಯ ಪದವನ್ನೂ ಮೊದಲಿನ ಜಾಗಕ್ಕೇ ಹಾಕಿದ.

ಮರುದಿನ ಬೆಳಿಗ್ಗೆ ಸಂಘಮಿತ್ರಾಳ ಪಾಸ್‌ವರ್ಡ್ ನಡೆಯಲಿಲ್ಲ.