ಅತ್ತೆ ವೈರ್ ಕಿತ್ತ ಮಧ್ಯಾಹ್ನ

ಕಾರ್ಯಕ್ರಮಕ್ಕೆ ಮುಂಚೆ ನನ್ನ ಬೇಸ್ ಗಿಟಾರಿನ ವೈರಿಗೆ ಬೆಸುಗೆ ಹಾಕುವಾಗ, ಸೀಸ ಕರಗುವ ವಾಸನೆಗೆ ಈಗಲೂ ಶಿರಾಳಕೊಪ್ಪದ ಆ ಮದುವೆ ಮಧ್ಯಾಹ್ನ ನೆನಪಾಗುತ್ತದೆ.

ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದ ನನ್ನ ಸೋದರತ್ತೆ, ಕಡಿದ ವೈರನ್ನು ತಾನೇ ಬೆಸೆದು ಆಗಷ್ಟೇ ಹಾಡಿಗೆ ಕೂಡಿಕೊಂಡಿದ್ದಳು. ನಾನು ಪಕ್ಕದ ಸ್ಪೀಕರ್ ಮೇಲೆ ಕೂತಿದ್ದೆ. ಮದುಮಗನ ದೊಡ್ಡಪ್ಪ ವೇದಿಕೆ ಹತ್ತಿ ಬಂದರು.

"ಹೆಣ್ಮಕ್ಳು ಹಾಡಿದ್ರೆ ಚಂದ ನೋಡಮ್ಮ. ಈ ಗುಂಯ್‌ಗುಂಯ್ ಯಾರಿಗೆ ಕೇಳ್ತದೆ? ಕೆಳಗಿಡು."

ಅತ್ತೆ ಗಿಟಾರಿನಿಂದ ವೈರ್ ಕಿತ್ತಳು. ಹಾಡು ನಿಲ್ಲಲಿಲ್ಲ, ಆದರೆ ತಗಡಿನ ಡಬ್ಬ ಬಡಿದಂತಾಯಿತು. ಕುಣಿಯುತ್ತಿದ್ದವರ ಕಾಲುಗಳು ತಡವರಿಸಿದವು.

"ಏನಾತಮ್ಮ?" ಎಂದರು ದೊಡ್ಡಪ್ಪ.

"ಏನಿಲ್ರೀ, ಯಾರಿಗೂ ಕೇಳದ್ದನ್ನ ನಿಲ್ಸಿದೆ."

ಅತ್ತೆ ವೈರಿನ ತುದಿಯನ್ನು ನನ್ನ ಕೈಗಿಟ್ಟು, "ಅವರಾಗೇ 'ಬಾರ್ಸ್ರೀ' ಅನ್ನೋತನಕ ಬಿಡಬ್ಯಾಡ" ಎಂದಳು.

ಬೆಸುಗೆ ಇನ್ನೂ ಬಿಸಿಯಾಗಿತ್ತು. ನಾನು ಬಿಡಲಿಲ್ಲ.