ಕೈಗಂಟಿದ ಹೋಲಿಕೆ

ಪತ್ರಿಕೆಯಲ್ಲಿ ಓದಿದ ಹೋಲಿಕೆ ಮನಸ್ಸಿಗೆ ಮುಟ್ಟಿದರೆ ಆ ವಸ್ತು ಓದಿದವರ ಮುಂದೆ ಬಂದು ಬೀಳುತ್ತದೆ. ಹಾಗಾಗಿ ಅಂಕಣಗಳನ್ನು ಅಚ್ಚಿಗೆ ಮೊದಲು ನಾನು ಓದುತ್ತೇನೆ. ಏಳನೆಯ ತರಗತಿಗೇ ಶಾಲೆ ಬಿಟ್ಟವಳೆಂದೇ ನನಗೆ ಈ ಕೆಲಸ ಸಿಕ್ಕಿತು; ನನಗೆ ಮುಟ್ಟಿದ್ದು ಎಲ್ಲರಿಗೂ ಮುಟ್ಟುತ್ತದಂತೆ. ನನ್ನ ಮೇಜಿನ ಮೇಲೆ ಏನೂ ಬೀಳದಿದ್ದರೆ ಅಂಕಣ ಅಚ್ಚಾಗುವುದಿಲ್ಲ.

ನಿನ್ನೆ ಪುಟ ಕಳಿಸಲು ಹತ್ತೇ ನಿಮಿಷವಿತ್ತು. ಅಂಕಣಕಾರ ಹಾಲಪ್ಪ ಸರ್ ಶಾಲೆ ಬಿಟ್ಟ ಹುಡುಗಿಯರ ಬಗ್ಗೆ ಬರೆದಿದ್ದರು: ‘ಅವರಿಗೆ ಓದು ಗಗನಕುಸುಮ.’ ಮೂರು ಸಲ ಓದಿದೆ. ಒಂದು ಎಸಳೂ ಬೀಳಲಿಲ್ಲ.

“ಯಾಕವ್ವ ಸಾವಂತ್ರಿ, ಹೋದ ವಾರ ಕಬ್ಬಿಣದ ಕಡಲೆ ಬಿದ್ದಿತ್ತಲ್ಲ?” ಎಂದರು ಸರ್.

“ಅದು ಕಾಲ ಮೇಲೇ ಬಿತ್ತು ಸರ್. ಇದು ಬೀಳ್ತಿಲ್ಲ.”

“ಹಂಗಾದ್ರೆ ನೀನೇ ಹೇಳು, ಶಾಲೆ ಬಿಡೋದು ಹೆಂಗಿರುತ್ತೆ?”

ನೆಲ ನೋಡಿಕೊಂಡೇ ಹೇಳಿದೆ: “ಹಿಟ್ಟು ನಾದ್ತಾ ಇರುವಾಗ್ಲೇ ಎಬ್ಬಿಸಿದಂಗೆ ಸರ್. ರೊಟ್ಟಿನೂ ಆಗ್ಲಿಲ್ಲ, ಕೈಗಂಟಿದ್ದೂ ಹೋಗ್ಲಿಲ್ಲ.”

ಸರ್ ಅದನ್ನು ಬರೆದು ಓದಿಕೊಂಡರು. ಆಮೇಲೆ ತಮ್ಮ ಬೆರಳು ನೋಡಿಕೊಂಡರು. ಐದಕ್ಕೂ ಹಸಿ ಜೋಳದ ಹಿಟ್ಟು. ಉಜ್ಜಿದರೂ ಹೋಗಲಿಲ್ಲ. ಅದೇ ಕೈಯಲ್ಲಿ ಪುಟಕ್ಕೆ ಸಹಿ ಹಾಕಿದರು.

ಇವತ್ತು ಬೆಳಿಗ್ಗೆ ನಮ್ಮ ಬೀದಿಯ ನಲ್ಲಿಯ ಮುಂದೆ ಕೈ ತೊಳೆಯುವವರ ಉದ್ದ ಸಾಲು. ನಾನೂ ಕೊನೆಯಲ್ಲಿ ಹೋಗಿ ನಿಂತೆ.